ಶನಿವಾರ ರಾತ್ರಿ ಒಂಬತ್ತೂವರೆಗೆ ಎಲ್ಲಿರಬೇಕು?

ಅರಮನೆ ಮೈದಾನದಲ್ಲಿ ರಾಕ್ ಕೇಳಿ ದೊಡ್ಡವರಾದ ನನ್ನ ವಯಸ್ಸಿನ ಬೆಂಗಳೂರಿಗರಿಗೆ ಆಯ್ಕೆ ಅನ್ನುವ ತಲೆನೋವೇ ಇರಲಿಲ್ಲ. ಅಪರೂಪಕ್ಕೊಮ್ಮೆ ದೊಡ್ಡ ಬ್ಯಾಂಡೊಂದು ಊರಿಗೆ ಬರುತ್ತಿತ್ತು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಒಂದು ಸಂಜೆ, ಒಂದು ವೇದಿಕೆ. ಹಾಡು ಗೊತ್ತಿರಲಿ ಬಿಡಲಿ, ಕಾಲೇಜಿಗೆ ಕಾಲೇಜೇ ಅಲ್ಲಿ ಹಾಜರು. ಮೇಖ್ರಿ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡು ಮೊದಲ ನಾಲ್ಕು ಹಾಡು ತಪ್ಪಿಸಿಕೊಂಡವರು ಇದ್ದಾರೆ. ಆದರೆ ಇದೇ ಹೊತ್ತಿಗೆ ಇನ್ನೊಂದು ಕಡೆ ಇನ್ಯಾರೋ ನುಡಿಸುತ್ತಿದ್ದಾರಲ್ಲ ಎಂದು ಚಡಪಡಿಸಿದವರನ್ನು ನಾನಂತೂ ಕಂಡಿಲ್ಲ.

ಆ ಚಡಪಡಿಕೆ ಎಂಥದ್ದು ಎಂದು ಗೊತ್ತಾಗಲು 2023ರ ಜೂನ್‌ನಲ್ಲಿ ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಒಂದು ಹೈನು ಫಾರಂಗೆ ಹೋಗಬೇಕಾಯಿತು. ಗ್ಲಾಸ್ಟನ್‌ಬರಿ ಸಂಗೀತ ಉತ್ಸವ. ಹೆಸರು ಗ್ಲಾಸ್ಟನ್‌ಬರಿಯದಾದರೂ ನಡೆಯುವುದು ಅಲ್ಲಿಂದ ಸ್ವಲ್ಪ ದೂರದ ಪಿಲ್ಟನ್ ಎಂಬ ಹಳ್ಳಿಯ ವರ್ದಿ ಫಾರಂನಲ್ಲಿ. ಬ್ರಿಸ್ಟಲ್‌ಗೆ ಬಂದು ನೆಲೆಸಿದ ಮೇಲೆ ಪ್ರತಿ ಬೇಸಿಗೆಯಲ್ಲೂ ಟಿವಿಯಲ್ಲಿ ನೋಡಿ ಸುಮ್ಮನಾಗುತ್ತಿದ್ದವನನ್ನು ಎಳೆದುಕೊಂಡು ಹೋದವಳು ಅಕ್ಕನ ಮಗಳು. ಇಲ್ಲೇ ಓದಲು ಬಂದಿದ್ದಳು. ಹಿಂದಿನ ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪು, ಮೂರು ಮೊಬೈಲು ಹರಡಿಕೊಂಡು ಕೂತಳು. ಟಿಕೆಟ್ ಬೇಕಾದವರು ಮೊದಲೇ ಫೋಟೋ ಕೊಟ್ಟು ನೋಂದಾಯಿಸಿರಬೇಕು, ಟಿಕೆಟ್ ಮೇಲೆ ಮುಖ ಅಚ್ಚಾಗಿರುತ್ತದೆ, ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಸುಮಾರು ಒಂದು ತಾಸಿನಲ್ಲಿ ಎಲ್ಲ ಖಾಲಿ. ತಲೆಗೆ 335 ಪೌಂಡು. ಬೆಲೆ ಕೇಳಿ ನನ್ನ ಹೆಂಡತಿ, "ಬಯಲಿಗೆ ಹೋಗೋ ಕಾಲ ಮುಗಿಸಿಕೊಂಡು ಈ ದೇಶಕ್ಕೆ ಬಂದಿದೀನಿ, ದುಡ್ಡು ಕೊಟ್ಟು ಮತ್ತೆ ಹೋಗಲ್ಲ. ಮಾಮ ಸೊಸೆ ಇಬ್ಬರೇ ಹೋಗಿ ಬನ್ನಿ" ಅಂದಳು. ಅಲ್ಲಿನ ಗುಂಡಿ ಕಕ್ಕಸುಗಳ ಖ್ಯಾತಿ ಅವಳನ್ನು ತಲುಪಿತ್ತು.

ಈ ಹಬ್ಬ ಶುರುವಾದ ಬಗೆ ಹೇಳಿದರೆ ಈಗಿನ ಬೆಲೆ ತಮಾಷೆಯಾಗಿ ಕೇಳುತ್ತದೆ. ಮೈಕೆಲ್ ಈವಿಸ್ ಎಂಬ ಹೈನುಗಾರ 1970ರ ಸೆಪ್ಟೆಂಬರ್ 19ರಂದು ತನ್ನ ಹೊಲದಲ್ಲಿ ಮೊದಲ ಸಲ ಕಛೇರಿ ಇಟ್ಟಾಗ ಟಿಕೆಟ್ಟಿಗೆ ಒಂದು ಪೌಂಡು, ಜೊತೆಗೆ ಫಾರಂ ಹಾಲು ಪುಕ್ಕಟೆ. ಬರಬೇಕಿದ್ದ ದಿ ಕಿಂಕ್ಸ್ ಕೈಕೊಟ್ಟು, ಅವರ ಜಾಗಕ್ಕೆ ಮಾರ್ಕ್ ಬೋಲನ್‌ನ ತಂಡ ಬಂತು. ಸೇರಿದವರು ಸುಮಾರು 1,500 ಜನ. ಈಗ ಎರಡು ಲಕ್ಷಕ್ಕೂ ಮೇಲೆ, ದೊಡ್ಡದು ಸಣ್ಣದು ಸೇರಿ ನೂರಕ್ಕೂ ಹೆಚ್ಚು ವೇದಿಕೆ. ಹಸುಗಳು ಮಾತ್ರ ಈಗಲೂ ಇವೆ. ಉತ್ಸವ ಮುಗಿಯುವವರೆಗೆ ಕೊಟ್ಟಿಗೆಯಲ್ಲೇ ಇರುತ್ತವೆ. ಕೆಲವು ವರ್ಷಕ್ಕೊಮ್ಮೆ ಹೊಲಕ್ಕೆ ಉಸಿರಾಡಲು ಬಿಡಬೇಕೆಂದು ಹಬ್ಬಕ್ಕೇ ರಜೆ ಕೊಡುತ್ತಾರೆ. 2018ರಲ್ಲಿ ಹಾಗೆ ಬೀಳು ಬಿಟ್ಟಿದ್ದರು.

ಹಬ್ಬಕ್ಕೆ ಮೂರ್ನಾಲ್ಕು ವಾರ ಇದೆ ಅನ್ನುವಾಗ ವೇಳಾಪಟ್ಟಿ ಬಂತು. ಅವತ್ತಿನಿಂದ ಸೊಸೆ ಓದುವುದು ಬಿಟ್ಟು ಅದನ್ನೇ ಓದಿದಳು. ಕ್ಲಾಶ್‌ಫೈಂಡರ್ ಅಂತ ಒಂದು ಜಾಲತಾಣ ಇದೆ. ಎಲ್ಲ ವೇದಿಕೆಗಳ ಎಲ್ಲ ಕಾರ್ಯಕ್ರಮ ಒಂದೇ ಹಾಳೆಯಲ್ಲಿ, ಗಂಟೆಗಂಟೆಯ ಗೆರೆ ಎಳೆದು, ನಮ್ಮ ಶಾಲೆಯ ಟೈಮ್‌ಟೇಬಲ್ಲಿನ ಹಾಗೆ ತೋರಿಸುತ್ತದೆ. ಬೇಕಾದವರ ಮೇಲೆ ಒತ್ತಿದರೆ ಬಣ್ಣ ಬರುತ್ತದೆ. ಅವಳ ಹಾಳೆ ಯುಗಾದಿಯ ರಂಗೋಲಿ ಆಗಿತ್ತು. ಒಂದರ ಪಕ್ಕ ಒಂದು ಬಣ್ಣ ಬಂದರೆ ಅದು ಕ್ಲಾಶ್, ಅಂದರೆ ಇಬ್ಬರೂ ಒಂದೇ ಹೊತ್ತಿಗೆ. ಮೂರು ಬಣ್ಣ ಒಟ್ಟಿಗೆ ಬಂದ ಕಡೆ ಅವಳು ಕೆಂಪು ಪೆನ್ನಿನಲ್ಲಿ "ಅಯ್ಯೋ" ಎಂದು ಬರೆದಿದ್ದಳು. ಅಂಥ ಅಯ್ಯೋಗಳಲ್ಲಿ ದೊಡ್ಡದು ಶನಿವಾರ ರಾತ್ರಿಯದು.

ಅಪ್ಪ ಇದ್ದಿದ್ದರೆ ಈ ಹಾಳೆ ನೋಡಿ ಖುಷಿಪಡುತ್ತಿದ್ದರು. ರಾಕ್ ಕೇಳುವ ನನಗೆ ಆಯ್ಕೆಯ ತೊಂದರೆ ಇರಲಿಲ್ಲ ಅಂದೆನಲ್ಲ, ಸಂಗೀತ ಕೇಳುವ ಅವರಿಗೆ ಇತ್ತು. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಪೆಂಡಾಲ್. 1939ರಿಂದ ನಡೆದುಕೊಂಡು ಬಂದ ರಾಮಸೇವಾ ಮಂಡಳಿಯ ಕಛೇರಿಗಳು. ಅದೇ ದಿನಗಳಲ್ಲಿ ಮಲ್ಲೇಶ್ವರದಲ್ಲೊಂದು, ರಾಜಾಜಿನಗರದಲ್ಲೊಂದು, ಜಯನಗರದಲ್ಲಿ ಇನ್ನೊಂದು. ಎಲ್ಲ ಕಡೆಯೂ ಸಂಜೆ ಆರು-ಆರೂವರೆಗೇ ಶುರು. ಅಪ್ಪ ಕರಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಹಾಡುವವರ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರ ಓದುತ್ತಿದ್ದರು. ಪಿಟೀಲು ಯಾರು, ಮೃದಂಗ ಯಾರು, ಘಟ ಇದೆಯೋ ಇಲ್ಲವೋ. "ಹಾಡೋರು ಎಲ್ಲಾ ಕಡೆ ಚೆನ್ನಾಗೇ ಹಾಡ್ತಾರೆ ಕಣೋ, ಪಕ್ಕವಾದ್ಯ ನೋಡಿ ಹೋಗಬೇಕು" ಅನ್ನೋರು. ಒಮ್ಮೆ ಕೂತ ಮೇಲೆ ಮಂಗಳ ಆಗದೆ ಏಳುವ ಹಾಗಿರಲಿಲ್ಲ. ಮೃದಂಗ, ಘಟದವರು ತಾವೇ ನುಡಿಸುವ ತನಿ ಆವರ್ತನದ ಹೊತ್ತಿಗೆ ಕಾಫಿಗೆಂದು ಏಳುವವರನ್ನು ಕಂಡರೆ ಅವರಿಗೆ ಕೋಪ. ಎಲೆ ಮುಂದೆ ಕೂತವನು ಹುಳಿಯನ್ನ ಮುಗಿಸಿ, ಪಕ್ಕದ ಮನೆ ಪಾಯಸ ಹೇಗಿದೆ ನೋಡೋಣ ಎಂದು ಎದ್ದು ಹೋದಷ್ಟೇ ಅಪಚಾರ ಅದು.

ಸೊಸೆಗೆ ಇದನ್ನು ಹೇಳಿದೆ. "ತಾತಂಗೆ ಒಂದು ಸಂಜೆಗೆ ನಾಲ್ಕು ಆಪ್ಷನ್ ಮಾಮ. ನನಗೆ ನೂರು" ಅಂದಳು.

ನ್ಯಾಯವಾದ ಮಾತೇ. ಆದರೆ ಈ ಕ್ಲಾಶ್ ಎನ್ನುವುದು ಆಯೋಜಕರ ಅಲಕ್ಷ್ಯ ಎಂದು ಅವಳು ಗೊಣಗಿದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ವೇದಿಕೆ ಇಟ್ಟು ಎಲ್ಲರಿಗೂ ಎಲ್ಲವನ್ನೂ ಕೇಳಿಸುತ್ತೇವೆ ಎಂದು ಹೊರಟ ಕಾಲವೂ ಇತ್ತು. 1969ರ ವುಡ್‌ಸ್ಟಾಕ್ ನೋಡಿ. ಅದೂ ಹೈನುಗಾರನೊಬ್ಬನ ಹೊಲವೇ. ಒಂದೇ ಮುಖ್ಯ ವೇದಿಕೆ, ಸರದಿಯಲ್ಲಿ ಒಬ್ಬರಾದ ಮೇಲೊಬ್ಬರು. ಮೊದಲ ರಾತ್ರಿ ನಮ್ಮ ರವಿಶಂಕರ್ ಮಳೆಯಲ್ಲಿ ಸಿತಾರ್ ನುಡಿಸಿದರು. ಮಳೆ, ವಿದ್ಯುತ್ತು, ಸಲಕರಣೆ ಬದಲಾಯಿಸುವುದು, ಹೀಗೆ ಒಂದೊಂದಕ್ಕೂ ತಡವಾಗುತ್ತಾ ಹೋಗಿ, ಭಾನುವಾರ ರಾತ್ರಿ ಎಲ್ಲಕ್ಕೂ ಕಳಶವಿಡಬೇಕಿದ್ದ ಜಿಮಿ ಹೆಂಡ್ರಿಕ್ಸ್ ವೇದಿಕೆ ಹತ್ತಿದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಬಂದಿದ್ದ ಲಕ್ಷಗಟ್ಟಲೆ ಜನರಲ್ಲಿ ಬಹುಪಾಲು ಮನೆ ದಾರಿ ಹಿಡಿದಾಗಿತ್ತು. ಗ್ಲಾಸ್ಟನ್‌ಬರಿಯಲ್ಲೂ 1971ರಲ್ಲಿ, ಮೊದಲ ಪಿರಮಿಡ್ ವೇದಿಕೆ ಕಟ್ಟಿದ ವರ್ಷ, ರಾತ್ರಿ ಹಾಡಬೇಕಿದ್ದ ಡೇವಿಡ್ ಬೋವಿಯ ಸರದಿ ಬಂದಾಗ ಬೆಳಗಾಗುತ್ತಿತ್ತು. ಕೇಳಿದವರು ಅದನ್ನು ಪುಣ್ಯ ಅಂದರು. ಚೀಲದೊಳಗೆ ಗೊರಕೆ ಹೊಡೆಯುತ್ತಿದ್ದವರು ಏನಂದರೋ ಯಾರೂ ಬರೆದಿಟ್ಟಿಲ್ಲ.

ಒಂದು ಬ್ಯಾಂಡು ಇಳಿದು ಇನ್ನೊಂದು ಹತ್ತಲು ಅರ್ಧ ಗಂಟೆಯಾದರೂ ಬೇಕು. ಡ್ರಮ್ಸ್ ಎತ್ತಬೇಕು, ತಂತಿ ಬದಲಾಯಿಸಬೇಕು, ಸೌಂಡ್ ನೋಡಬೇಕು. ಆ ಹೊತ್ತಿನಲ್ಲಿ ಜನ ಇನ್ನೊಂದು ಮೈದಾನದಲ್ಲಿ ಇರಲಿ ಎಂದು ಇನ್ನೊಂದು ವೇದಿಕೆ. ಎರಡು ಲಕ್ಷ ಜನ ಸೇರುವ ಊರಾದ ಮೇಲೆ ಇನ್ನೂ ಒಂದು ಕಾರಣ ಬಂತು: ಅಷ್ಟೂ ಜನ ಒಂದೇ ಹೊಲಕ್ಕೆ ನುಗ್ಗಬಾರದು. ಒಂದೇ ಗಂಟೆಯಲ್ಲಿ ನಾಲ್ಕು ಕಡೆ ನಾಲ್ಕು ಜನ ಘಟಾನುಘಟಿಗಳನ್ನು ನಿಲ್ಲಿಸಿದರೆ ಜನ ತಾವಾಗಿಯೇ ಹಂಚಿಹೋಗುತ್ತಾರೆ. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು ನಾವು ಹೋಗಿ ಬಂದ ಮರುವರ್ಷ ಗೊತ್ತಾಯಿತು. 2024ರಲ್ಲಿ ಶುಗಬೇಬ್ಸ್ ತಂಡವನ್ನು ವೆಸ್ಟ್ ಹೋಲ್ಟ್ಸ್ ಎಂಬ ನಡುಗಾತ್ರದ ವೇದಿಕೆಗೆ ಹಾಕಿದ್ದರು. ಜನ ಕಿಕ್ಕಿರಿದು ಆ ಮೈದಾನದ ಪ್ರವೇಶವನ್ನೇ ಮುಚ್ಚಬೇಕಾಯಿತು. ಅದರ ಮುಂದಿನ ವರ್ಷ ಕೆಲವು ಸಾವಿರ ಟಿಕೆಟ್ ಕಡಿಮೆ ಮಾರಿದರು. ಹಾಗಾಗಿ ವೇಳಾಪಟ್ಟಿ ಮಾಡುವ ಪುಣ್ಯಾತ್ಮರ ಮೇಲೆ ನನಗೆ ಗೌರವ. ನಾವು "ಅಯ್ಯೋ" ಎಂದು ಬರೆದ ಕಡೆ ಅವರು ಯಾರದೋ ಪಕ್ಕೆಲುಬು ಉಳಿಸಿರುತ್ತಾರೆ.

ಬಾಗಿಲು ತೆಗೆಯುವುದು ಬುಧವಾರ, ದೊಡ್ಡ ವೇದಿಕೆಗಳು ಶುರುವಾಗುವುದು ಶುಕ್ರವಾರ. ನಡುವೆ ಮಾಡಲು ಕೆಲಸ: ಟೆಂಟು ಹೊಡೆಯುವುದು, ದಾರಿ ಕಲಿಯುವುದು. ಆ ವರ್ಷ ಕೆಸರಿರಲಿಲ್ಲ. ಬಿಸಿಲು, ಧೂಳು. ಟೆಂಟಿನೊಳಗೆ ಬೆಳಿಗ್ಗೆ ಏಳಕ್ಕೇ ಬೇಯುವಷ್ಟು ಸೆಖೆ. ಒಳಗೆ ತಿಂಡಿ ಒಯ್ಯಬಹುದು ಎಂದು ಗೊತ್ತಾದ ಕೂಡಲೇ ಹೆಂಡತಿ ಗೊಜ್ಜವಲಕ್ಕಿ ಪುಡಿ ಮಾಡಿ ಡಬ್ಬಿ ತುಂಬಿಸಿ ಕೊಟ್ಟಿದ್ದಳು. ತಣ್ಣೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ತಯಾರು. ಪಕ್ಕದ ಟೆಂಟಿನ ಲೀಡ್ಸ್ ಹುಡುಗರು ಮೊದಲ ದಿನ ಮೂಸಿ ನೋಡಿದರು, ಮೂರನೆಯ ದಿನ ತಟ್ಟೆ ಹಿಡಿದು ಬಂದರು.

ದಾರಿ ಕಲಿತ ಮೇಲೆ ಕಂಡದ್ದು ಹಾಳೆಯಲ್ಲಿ ಕಾಣದ ಒಂದು ವಿಷಯ. ಆ ಹಾಳೆಯಲ್ಲಿ ಪಿರಮಿಡ್ ಎಂಬ ಮುಖ್ಯ ವೇದಿಕೆ ಮತ್ತು ಅದರ ಪಕ್ಕದ ಅದರ್ ಸ್ಟೇಜ್ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಖಾಲಿ ಹೊತ್ತಿನಲ್ಲಿ ಹತ್ತು-ಹನ್ನೆರಡು ನಿಮಿಷದ ನಡಿಗೆ. ರಾತ್ರಿ ಒಬ್ಬರು ಮುಗಿಸಿ ಜನ ಎದ್ದರೆ ಅದೇ ದಾರಿ ಅರ್ಧ ಗಂಟೆ. ಗುಡ್ಡದ ಮೇಲಿನ ಪಾರ್ಕ್ ಸ್ಟೇಜ್‌ಗೆ ಹೋಗುವುದಾದರೆ ಕತೆ ಬೇರೆಯೇ. ಅಂದರೆ "ಇವರದು ಅರ್ಧ ನೋಡಿ ಅವರದು ಅರ್ಧ ನೋಡೋಣ" ಎಂಬ ಜಾಣರ ಯೋಜನೆಯಲ್ಲಿ ಸಿಗುವುದು ಎರಡು ಅರ್ಧ ಅಲ್ಲ. ಮೊದಲನೆಯವರ ಆರಂಭ, ಎರಡನೆಯವರ ಕೊನೆ, ಅದೂ ಮೈದಾನದ ಅಂಚಿನಿಂದ, ಯಾರದೋ ಬಾವುಟದ ಕೋಲಿನ ಹಿಂದಿನಿಂದ. ನಡುವೆ ನಡೆದದ್ದೇ ಹೆಚ್ಚು. ಆ ನಡಿಗೆಯಲ್ಲಿ ಎರಡೂ ಕಡೆಯ ಬೇಸ್ ಕಿವಿಯಲ್ಲಿ ಗುದ್ದಾಡುತ್ತಿರುತ್ತದೆ.

ನನ್ನದೊಂದು ಲೆಕ್ಕಾಚಾರವಿತ್ತು. ದೊಡ್ಡ ವೇದಿಕೆಗಳನ್ನೆಲ್ಲ ಬಿಬಿಸಿ ಚಿತ್ರೀಕರಿಸುತ್ತದೆ. ಅದರ ಜಾಲತಾಣವಾದ ಐಪ್ಲೇಯರ್‌ನಲ್ಲಿ ಮೂವತ್ತು ದಿನ ಇರುತ್ತದೆ. ಹಾಗಿದ್ದ ಮೇಲೆ ಕ್ಯಾಮೆರಾ ಇರುವ ಕಡೆ ಹೋಗುವುದು ಕೊನೆಗೆ, ಇಲ್ಲದ ಕಡೆ ಮೊದಲು. ಹಗಲೆಲ್ಲ ಇದನ್ನೇ ಪಾಲಿಸಿದೆ. ಗ್ರೀನ್ ಫೀಲ್ಡ್ಸ್ ಎಂಬ ಕಡೆ ಸೈಕಲ್ ತುಳಿದು ಹುಟ್ಟಿಸಿದ ಕರೆಂಟಿನಲ್ಲಿ ನಡೆಯುವ ಪುಟ್ಟ ವೇದಿಕೆ ಇತ್ತು. ವೇದಿಕೆಯ ಪಕ್ಕದಲ್ಲಿ ಸಾಲಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲುಗಳು. ಕೇಳಲು ಬಂದವರೇ ಸರದಿಯಲ್ಲಿ ಹತ್ತಿ ತುಳಿಯಬೇಕು. ನಾನು ತುಳಿದದ್ದು ಒಬ್ಬ ಮುದುಕ ಅಕಾರ್ಡಿಯನ್ ನುಡಿಸಿ ಕುರಿ ಕಾಯುವವರ ಹಾಡು ಹೇಳುವಾಗ. ಪಕ್ಕದ ಸೈಕಲ್ಲಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಪೆಡಲ್‌ಗೆ ಕಾಲು ಎಟುಕದೆ ನಿಂತೇ ತುಳಿಯುತ್ತಿದ್ದಳು. ಮುದುಕ ಪ್ರತಿ ಹಾಡಿನ ಕೊನೆಗೂ ಮೊದಲು ಸೈಕಲ್ಲುಗಳ ಕಡೆ ತಿರುಗಿ ಕೈಮುಗಿದು, ಆಮೇಲೆ ಎದುರಿನ ಜನಕ್ಕೆ ಬಾಗುತ್ತಿದ್ದ. ಅದನ್ನು ಬಿಬಿಸಿ ತೋರಿಸಲಿಲ್ಲ.

ಶುಕ್ರವಾರ ಸಂಜೆ ಪಿರಮಿಡ್‌ನ ಪಟ್ಟಿಯಲ್ಲಿ 'ದಿ ಚರ್ನಪ್ಸ್' ಎಂಬ ಹೆಸರಿತ್ತು. ಅಂಥದೊಂದು ಬ್ಯಾಂಡು ಲೋಕದಲ್ಲಿಲ್ಲ. ಫೂ ಫೈಟರ್ಸ್ ಮಾರುವೇಷದಲ್ಲಿ ಬರುತ್ತಾರಂತೆ ಎಂದು ಎಲ್ಲರ ಬಾಯಲ್ಲೂ ಗುಸುಗುಸು, ಬಂದವರೂ ಅವರೇ. ಗುಟ್ಟಿನ ಕಾರ್ಯಕ್ರಮ ಎಂಬ ಈ ಆಟ ನನಗೆ ಅಷ್ಟಾಗಿ ಹಿಡಿಸದು. ಪಟ್ಟಿ ನೋಡಿ ಲೆಕ್ಕ ಹಾಕಿದವರ ಲೆಕ್ಕವೆಲ್ಲ ಗಾಳಿಗೆ. ಗಾಳಿಸುದ್ದಿ ಕೇಳಿಸಿಕೊಂಡವರಿಗೆ ಮುಂದಿನ ಸಾಲು. ರಾತ್ರಿ ಆರ್ಕ್ಟಿಕ್ ಮಂಕೀಸ್. ಹಾಡುಗಾರ ಅಲೆಕ್ಸ್ ಟರ್ನರ್‌ಗೆ ಗಂಟಲು ಕಟ್ಟಿ ಅದೇ ವಾರ ಡಬ್ಲಿನ್ ಕಾರ್ಯಕ್ರಮ ರದ್ದಾಗಿತ್ತು. ಬರುತ್ತಾರೋ ಇಲ್ಲವೋ ಎಂದು ಕೊನೆಯವರೆಗೂ ಅನುಮಾನ. ಅದೇ ಹೊತ್ತಿಗೆ ಅದರ್ ಸ್ಟೇಜ್‌ನಲ್ಲಿ ನೈಜೀರಿಯಾದ ವಿಜ್‌ಕಿಡ್. ಸೊಸೆ ಮಂಕೀಸ್ ಕಡೆ ಎಳೆದಳು, ನನಗೆ ತಕರಾರಿರಲಿಲ್ಲ. ಬಂದರು, ಹಾಡಿದರು, ಗಂಟಲು ನಿಂತಿತು.

ಇನ್ನು ಶನಿವಾರ.

ಶನಿವಾರದ ಹಗಲು ರಿಕ್ ಆಸ್ಟ್ಲಿ ಎಂಬ ನನ್ನ ಕಾಲದವನದು. ಮಧ್ಯಾಹ್ನ ಹನ್ನೆರಡಕ್ಕೆ ಪಿರಮಿಡ್ ವೇದಿಕೆಯಲ್ಲಿ ಒಳ್ಳೆ ಸೂಟು ಹಾಕಿಕೊಂಡು ಬಂದು, ತನ್ನ ಎಂಬತ್ತರ ದಶಕದ ಹಾಡುಗಳ ನಡುವೆ ಎದ್ದು ಹೋಗಿ ಡ್ರಮ್ಸ್ ಮುಂದೆ ಕೂತು ಎಸಿ/ಡಿಸಿಯವರ ಹಾಡೊಂದನ್ನು ಬಾರಿಸುತ್ತಲೇ ಹಾಡಿಬಿಟ್ಟ. ಅರವತ್ತರ ಹತ್ತಿರದ ವಯಸ್ಸು. ಅಷ್ಟಕ್ಕೆ ಬಿಡದೆ ಅದೇ ದಿನ ವುಡ್ಸೀಸ್ ಡೇರೆಯಲ್ಲಿ ಬ್ಲಾಸಮ್ಸ್ ತಂಡದ ಜೊತೆ ಸೇರಿ ದಿ ಸ್ಮಿತ್ಸ್ ಹಾಡುಗಳನ್ನೇ ಇಡೀ ಕಾರ್ಯಕ್ರಮ ಹಾಡಿದ. ಸೊಸೆಯ ಪೀಳಿಗೆಗೆ ಅವನು ಇಂಟರ್ನೆಟ್ಟಿನ ಒಂದು ತಮಾಷೆ. ಅಲ್ಲಿ ತಮಾಷೆ ಮಾಡಲು ಬಂದವರು ಕೂಗಿ ಕೂಗಿ ಗಂಟಲು ಕಳೆದುಕೊಂಡು ಹೋದರು.

ಸಂಜೆ ಲಿಜೋ ಕಾರ್ಯಕ್ರಮಕ್ಕೆ ಜಾಗ ಹಿಡಿಯಲೆಂದು ಪಿರಮಿಡ್ ಮುಂದೆ ಬೇಗ ಬಂದು ನಿಂತೆವು. ಅದಕ್ಕೆ ಮುಂಚೆ ಲೂಯಿಸ್ ಕಪಾಲ್ಡಿ. ಇಬ್ಬರ ಹಾಳೆಯಲ್ಲೂ ಅವನಿಗೆ ಬಣ್ಣ ಇರಲಿಲ್ಲ. ಟೂರೆಟ್ ಎಂಬ ನರದ ತೊಂದರೆ ತನಗಿದೆ ಎಂದು ಅವನೇ ಹಿಂದಿನ ವರ್ಷ ಹೇಳಿಕೊಂಡಿದ್ದ. ಹಾಡುತ್ತಾ ಹಾಡುತ್ತಾ ದನಿ ಒಡೆಯಿತು, ಭುಜ ಎಳೆಯತೊಡಗಿತು. ಕೊನೆಯ ಹಾಡಿಗೆ ಬಾಯಿ ತೆರೆದರೆ ದನಿಯೇ ಇಲ್ಲ. ಬ್ಯಾಂಡು ನಿಲ್ಲಿಸಲಿಲ್ಲ. ಜನ ಎತ್ತಿಕೊಂಡರು. ಪಲ್ಲವಿಯಷ್ಟೇ ಅಲ್ಲ, ಪ್ರತಿ ಸಾಲನ್ನೂ. ನನಗೆ ಹಾಡು ಬರುತ್ತಿರಲಿಲ್ಲ, ಪಕ್ಕದಲ್ಲಿದ್ದ ಕಟ್ಟುಮಸ್ತಾದ ಆಳೊಬ್ಬ ಅಳುತ್ತಾ ಹಾಡುವುದನ್ನು ನೋಡಿ ತುಟಿ ಆಡಿಸಿದೆ. ಕೆಲವು ದಿನದ ಮೇಲೆ ಕಪಾಲ್ಡಿ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸಿ ವಿಶ್ರಾಂತಿಗೆ ಹೋದ. ಎರಡು ವರ್ಷದ ಮೇಲೆ, 2025ರಲ್ಲಿ, ಅದೇ ವೇದಿಕೆಗೆ ಹೆಸರಿಲ್ಲದೆ ಬಂದು ಹಾಡಿದ. ಗುಟ್ಟಿನ ಕಾರ್ಯಕ್ರಮಗಳ ಬಗ್ಗೆ ನಾನು ಮೇಲೆ ಹೇಳಿದ ಮಾತಿಗೆ ಅದೊಂದು ವಿನಾಯಿತಿ.

ರಾತ್ರಿಯ ಅಯ್ಯೋ ಹೀಗಿತ್ತು. ಒಂಬತ್ತೂವರೆಗೆ ಪಿರಮಿಡ್‌ನಲ್ಲಿ ಗನ್ಸ್ ಎನ್ ರೋಸಸ್. ಹತ್ತೂವರೆಗೆ ಅದರ್ ಸ್ಟೇಜ್‌ನಲ್ಲಿ ಹಾಡುಗಾರ್ತಿ ಲಾನಾ ಡೆಲ್ ರೇ. ಎರಡೂ ಮುಗಿಯುವುದು ಮಧ್ಯರಾತ್ರಿಯ ಹೊತ್ತಿಗೆ. ನನಗೆ ಗನ್ಸ್ ಎನ್ ರೋಸಸ್ ಅಂದರೆ ಹದಿನಾರನೆಯ ವಯಸ್ಸು, ಗೆಳೆಯನಿಂದ ತಂದು ವಾಪಸು ಕೊಡದ ಕ್ಯಾಸೆಟ್. 2012ರ ಡಿಸೆಂಬರ್‌ನಲ್ಲಿ ಅವರು ಬೆಂಗಳೂರಿಗೂ ಬಂದಿದ್ದರು, ಹೋಗಿದ್ದೆ. ಆದರೆ ಆಗ ಹಳೆಯ ಐವರಲ್ಲಿ ಉಳಿದಿದ್ದವನು ಆಕ್ಸಲ್ ರೋಸ್ ಒಬ್ಬನೇ. ಗಿಟಾರ್‌ನ ಸ್ಲ್ಯಾಶ್, ಬೇಸ್‌ನ ಡಫ್ ಮೆಕೇಗನ್ ತಂಡಕ್ಕೆ ಮರಳಿದ್ದು 2016ರಲ್ಲಿ. ಅಪ್ಪನ ಮಾತು ಹಿಡಿದರೆ, ನಾನು ಕೇಳಿದ್ದು ಪಕ್ಕವಾದ್ಯವಿಲ್ಲದ ಕಛೇರಿ. ಈಗ ಪಕ್ಕವಾದ್ಯ ಬಂದಿದೆ.

"ಬಾ ಪುಟ್ಟಿ, ಒಂದು ಗಂಟೆ ಇದನ್ನ ನೋಡಿ ಆಮೇಲೆ ನಿನ್ನ ಲಾನಾಗೆ ಹೋಗೋಣ" ಅಂದೆ.

"ನೀನೇ ಹೇಳಿದ್ಯಲ್ಲ ಮಾಮ, ಎರಡು ಅರ್ಧ ಸೇರಿ ಒಂದಾಗಲ್ಲ ಅಂತ."

"ಹಾಗಾದ್ರೆ ಒಬ್ಬಳೇ ಹೋಗ್ತೀಯಾ? ನಿಮ್ಮಮ್ಮ ನನ್ನ ಕೊಂದುಹಾಕ್ತಾಳೆ."

"ಅಮ್ಮಂಗೆ ಯಾರು ಹೇಳ್ತಾರೆ? ಹನ್ನೆರಡೂವರೆಗೆ ಸೈಡರ್ ಬಸ್ ಹತ್ರ ಸಿಗು. ಫೋನ್ ನಂಬ್ಕೋಬೇಡ."

ಹೋಗಿಯೇಬಿಟ್ಟಳು. ನಾನು ಎರಡು ಗಂಟೆಗೂ ಮೀರಿ ಗನ್ಸ್ ಎನ್ ರೋಸಸ್ ಕೇಳಿದೆ. ಸ್ಲ್ಯಾಶ್‌ನ ಬೆರಳು ಹಾಗೆಯೇ ಇದೆ, ಟೋಪಿಯೂ. ಆಕ್ಸಲ್‌ನ ದನಿ ಹಾಗಿಲ್ಲ. ಎತ್ತರದ ಸ್ವರ ಬಂದಾಗಲೆಲ್ಲ ಮೈದಾನವೇ ಸೇರಿ ಅವನನ್ನು ದಾಟಿಸಿತು. ಗೊತ್ತಿದ್ದ ಹಾಡಿಗೆ ಕುಣಿದೆ, ಗೊತ್ತಿಲ್ಲದ್ದಕ್ಕೆ ಕೂತೆ. ಕೊನೆಯ ಹಾಡಿಗೆ ಫೂ ಫೈಟರ್ಸ್‌ನ ಡೇವ್ ಗ್ರೋಲ್ ಓಡಿ ಬಂದು ಗಿಟಾರ್ ಹಿಡಿದ. ಎಲ್ಲ ಲೆಕ್ಕದ ಪ್ರಕಾರ, ವೇಳೆಗೆ ಸರಿಯಾಗಿ, ಪಟಾಕಿ ಸಮೇತ. ನನಗೆ ತೃಪ್ತಿಯಾಗಿತ್ತು.

ಸೇಬಿನ ಮದ್ಯ ಮಾರುವ ಆ ಸೈಡರ್ ಬಸ್ಸಿನ ಹತ್ತಿರ ಅವಳು ಸಿಕ್ಕಾಗ ಮುಖ ಕೆಂಪಗಾಗಿತ್ತು, ಕಣ್ಣು ಹೊಳೆಯುತ್ತಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಲಾನಾ ಬಂದದ್ದೇ ಅರ್ಧ ಗಂಟೆ ತಡ. ಕೂದಲು ಬಾಚಿಕೊಳ್ಳುವುದಕ್ಕೆ ಹೊತ್ತು ಹಿಡಿಯಿತು, ಕರೆಂಟು ತೆಗೆದರೆ ತೆಗೆಯಲಿ ಎಂದು ವೇದಿಕೆಯ ಮೇಲಿಂದಲೇ ಹೇಳಿದಳಂತೆ. ಅದು ಸಾಲದೆಂದು ವೇದಿಕೆ ಮೇಲೊಂದು ಕನ್ನಡಿ ಮೇಜಿನ ಮುಂದೆ ಕೂತು ಕೂದಲು ಮಾಡಿಸಿಕೊಂಡಳಂತೆ. ಹಾಡಿದ್ದು ಒಂದು ಗಂಟೆ ಇದ್ದೀತು. ಮಧ್ಯರಾತ್ರಿಗೆ ಸದ್ದು ನಿಲ್ಲಿಸಬೇಕು ಎಂಬುದು ಉತ್ಸವದ ಪರವಾನಗಿಯ ಷರತ್ತು. ಅಲ್ಲಿ ಯಾರ ಮುಲಾಜೂ ನಡೆಯದು. ಗಂಟೆ ಹೊಡೆಯಿತು, ಮೈಕು ಸತ್ತಿತು, ದೀಪ ಹೋಯಿತು. ಇನ್ನೂ ಹಾಡಬೇಕಿದ್ದ ಅವಳ ಅತಿ ಹೆಸರಾದ ಹಾಡನ್ನು ಜನವೇ ಶುರುಮಾಡಿ ಹಾಡಿದರು. ಅವಳು ಕೆಳಗಿಳಿದು ಕಟಕಟೆಯ ಬಳಿ ಬಂದು ಕೈ ಹಿಡಿದಳಂತೆ. "ನಿಂಗೆ ಎಷ್ಟು ದೂರದಲ್ಲಿ?" ಅಂದೆ. "ನಮ್ಮನೆ ಹಾಲಿಂದ ಅಡಿಗೆಮನೆಗಿದೆಯಲ್ಲ, ಅಷ್ಟು!"

335 ಪೌಂಡು ಕೊಟ್ಟು, ಅರ್ಧ ಗಂಟೆ ಕಾದು, ಮೊಟಕಾದ ಕಾರ್ಯಕ್ರಮ ನೋಡಿದವಳು ಟೆಂಟು ಮುಟ್ಟುವವರೆಗೂ ಅದನ್ನೇ ಹೇಳಿದಳು. ಪೂರ್ತಿ ನೋಡಿದ ನನ್ನ ಹತ್ತಿರ ಹೇಳಲು ಎರಡೇ ವಾಕ್ಯ ಇದ್ದವು. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಲಾನಾ ಮಾಡಿದ್ದು ಶಿಸ್ತಲ್ಲ, ಕಾದವರಿಗೆ ಅನ್ಯಾಯವೇ. ಅಪ್ಪನ ಪೆಂಡಾಲಿನಲ್ಲಾಗಿದ್ದರೆ ಮುಂದಿನ ವರ್ಷದ ಕರಪತ್ರದಲ್ಲಿ ಹೆಸರು ಇರುತ್ತಿರಲಿಲ್ಲ. ಆದರೂ ಆ ರಾತ್ರಿ ಏನೋ ನಡೆದದ್ದು ಅಲ್ಲಿ. ನನ್ನ ಕಡೆ ಎಲ್ಲವೂ ನೆರವೇರಿತ್ತು.

ಭಾನುವಾರದ ಕ್ಲಾಶ್ ಸುಲಭದ್ದು ಎಂದುಕೊಂಡಿದ್ದೆ. ಎಲ್ಟನ್ ಜಾನ್‌ನ ವಿದಾಯ ಯಾತ್ರೆಯ ಬ್ರಿಟನ್ನಿನ ಕೊನೆಯ ಕಾರ್ಯಕ್ರಮ ಪಿರಮಿಡ್‌ನಲ್ಲಿ. ಎದುರಿಗೆ ಅದರ್ ಸ್ಟೇಜ್‌ನಲ್ಲಿ ಕ್ವೀನ್ಸ್ ಆಫ್ ದಿ ಸ್ಟೋನ್ ಏಜ್, ವುಡ್ಸೀಸ್‌ನಲ್ಲಿ ಫ್ರಾನ್ಸಿನ ಫೀನಿಕ್ಸ್. ನನ್ನ ಲೆಕ್ಕಾಚಾರದ ಪ್ರಕಾರ ಎಲ್ಟನ್‌ನನ್ನು ಟಿವಿಗೆ ಬಿಟ್ಟು ಫೀನಿಕ್ಸ್‌ಗೆ ಹೋಗಬೇಕು. ಡೇರೆ ಖಾಲಿ ಇರುತ್ತದೆ, ಮುಂದೆ ನಿಲ್ಲಬಹುದು. ಎಲ್ಟನ್‌ನ ಎರಡು ಹಾಡೂ ನೆಟ್ಟಗೆ ಗೊತ್ತಿರದ ಸೊಸೆಯೇ ಹಟ ಹಿಡಿದಳು. "ಎಲ್ಲಾರೂ ಅಲ್ಲೇ ಇರ್ತಾರೆ ಮಾಮ. ನಾವು ಮಾತ್ರ ಅಲ್ಲಿರಲಿಲ್ಲ ಅಂದ್ರೆ ಹೇಗೆ?"

ಎಲ್ಲರೂ ಎನ್ನುವುದು ಅತಿಶಯೋಕ್ತಿ ಆಗಿರಲಿಲ್ಲ. ಒಂದು ಲಕ್ಷಕ್ಕೂ ಮೇಲೆ ಜನ ಅಂದರು. ಗುಡ್ಡದ ನೆತ್ತಿವರೆಗೆ ತಲೆ, ಟೆಂಟುಗಳ ನಡುವೆಲ್ಲ ತಲೆ. ನಾವು ನಿಂತ ಕಡೆಯಿಂದ ಚಿನ್ನದ ಬಣ್ಣದ ಸೂಟಿನ ಎಲ್ಟನ್ ಅಕ್ಕಿ ಕಾಳಿನಷ್ಟು. ವೇಳಾಪಟ್ಟಿಯವರು ಇಷ್ಟೆಲ್ಲ ಮಾಡಿ ಜನರನ್ನು ಹಂಚಲು ನೋಡಿದರೂ ಆ ರಾತ್ರಿ ಜನ ಹಂಚಿಹೋಗಲು ಒಪ್ಪಲಿಲ್ಲ. ಅವತ್ತು ಜೂನ್ 25, ಜಾರ್ಜ್ ಮೈಕೆಲ್ ಬದುಕಿದ್ದಿದ್ದರೆ ಅರವತ್ತು ತುಂಬುತ್ತಿತ್ತು. ಇಬ್ಬರೂ ಸೇರಿ ಹಾಡಿ ಹೆಸರು ಮಾಡಿದ್ದ ಹಾಡನ್ನು ಎಲ್ಟನ್ ಅವನಿಗೆ ಅರ್ಪಿಸಿದಾಗ ನನ್ನ ವಯಸ್ಸಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ವೇದಿಕೆಯನ್ನೇ ನೋಡುತ್ತಿದ್ದರು. ಸೊಸೆ ಪಕ್ಕದಲ್ಲಿ ಫೋನಿನಲ್ಲಿ ಹಾಡಿನ ಸಾಹಿತ್ಯ ಹುಡುಕಿ ಓದಿಕೊಂಡು ಹಾಡುತ್ತಿದ್ದಳು. ಆ ರಾತ್ರಿ ಬಿಬಿಸಿಯಲ್ಲಿ ಇದನ್ನು ನೋಡಿದವರು 70 ಲಕ್ಷಕ್ಕೂ ಹೆಚ್ಚು. ಅವರಿಗೆಲ್ಲ ನನಗಿಂತ ಚೆನ್ನಾಗಿ ಕಂಡಿರುತ್ತದೆ. ಅವರಲ್ಲಿ ಒಬ್ಬಳು ನನ್ನ ಹೆಂಡತಿ. ಬೆರಳುಗಳು ಹತ್ತಿರದಿಂದ ಕಾಣಿಸಿದವಂತೆ, ಉಂಗುರ ಸಮೇತ.

ಮನೆಗೆ ಬಂದ ವಾರ, ತಪ್ಪಿಹೋದವನ್ನೆಲ್ಲ ಐಪ್ಲೇಯರ್‌ನಲ್ಲಿ ನೋಡುವುದೆಂದು ಕೂತೆವು. ಧೂಳಿನ ಟೆಂಟು ಹಿತ್ತಲಲ್ಲಿ ಒಣಗುತ್ತಿತ್ತು. ಅಷ್ಟು ಆಸೆಪಟ್ಟಿದ್ದ ಫೀನಿಕ್ಸ್ ಹಾಕಿದೆ. ಚೆನ್ನಾಗಿಯೇ ಇತ್ತು. ಮೂರನೆಯ ಹಾಡಿಗೆ ನಾನು ಎದ್ದು ಹೋಗಿ ಅಕ್ಕಿ ತೊಳೆದಿಟ್ಟೆ. ಕ್ವೀನ್ಸ್ ಆಫ್ ದಿ ಸ್ಟೋನ್ ಏಜ್ ಹಾಕಿದಾಗ ಹೆಂಡತಿ ಸದ್ದು ಕಮ್ಮಿ ಮಾಡು ಅಂದಳು. ಲಾನಾಳದನ್ನು ಸೊಸೆ ಹಾಕಗೊಡಲಿಲ್ಲ. "ಅದರಲ್ಲಿ ಬಂದಿರಲ್ಲ ಮಾಮ" ಅಂದಳು. ಏನು ಬಂದಿರಲ್ಲ ಎಂದು ಹೇಳಲಿಲ್ಲ. ಬದಲಿಗೆ ಗನ್ಸ್ ಎನ್ ರೋಸಸ್ ಹಾಕಿ, ಸೋಫಾದ ಮೇಲೆ ಕಾಲು ಮಡಚಿ ಕೂತು, ತಟ್ಟೆಯಲ್ಲಿ ಕೋಡುಬಳೆ ಇಟ್ಟುಕೊಂಡು, ಆಕ್ಸಲ್ ಎತ್ತರದ ಸ್ವರಕ್ಕೆ ತಡಕಾಡುವುದನ್ನು ಪೂರ್ತಿ ನೋಡಿದಳು. ನೋಡಿ ನನ್ನ ಕಡೆ ತಿರುಗಿ, "ಇದಕ್ಕಾ ನನ್ನನ್ನ ರಾತ್ರಿ ಹೊತ್ತಲ್ಲಿ ಒಬ್ಬಳೇ ಬಿಟ್ಟಿದ್ದು?" ಅಂದಳು. ಅಡಿಗೆಮನೆಯಿಂದ ಹೆಂಡತಿ ತಲೆ ಹೊರಹಾಕಿ, "ಏನು? ಯಾರನ್ನ ಒಬ್ಬಳೇ ಬಿಟ್ರಿ?" ಅಂದಳು.